ಬಾಗಿಲಿಗೆ ಬಂದ ತಿಪ್ಪೆ

ನಮ್ಮ ದೊಡ್ಡವ್ವ ಸರಸಮ್ಮನ ತಿಪ್ಪೆ ಅವಳ ರೇಷ್ಮೆ ಹುಳದ ಮನೆಯ ಬಾಗಿಲಲ್ಲಿಲ್ಲ. ಮಿಕ್ಕ ಮಾತೆಲ್ಲ ಆಮೇಲೆ, ಇದನ್ನು ಮೊದಲು ಹೇಳಿಬಿಡುತ್ತೇನೆ. ತಿಪ್ಪೆ ಇರುವುದು ಅವಳ ಹಿಪ್ಪುನೇರಳೆ ತೋಟ ದಾಟಿ, ಹುಣಸೆಮರವನ್ನೂ ದಾಟಿ, ಚೆಲುವಯ್ಯನ ಬಾವಿಯ ಬದುವಿನ ಪಕ್ಕ. ಒಲೆಯ ಮೇಲೆ ಹಾಲಿಟ್ಟು ಸಗಣಿ ಬುಟ್ಟಿ ಹೊತ್ತು ಅಲ್ಲಿಗೆ ಹೋದರೆ, ವಾಪಸು ಬರುವುದರೊಳಗೆ ಹಾಲು ಉಕ್ಕಿ ಒಲೆಯೂ ಆರಿರುತ್ತದೆ. ಅಷ್ಟು ದೂರದ ತಿಪ್ಪೆಯನ್ನು ಒಬ್ಬ ಮನುಷ್ಯ, ಕೈಗೆ ಚಿಟಿಕೆ ಸಗಣಿ ಅಂಟಿಸಿಕೊಳ್ಳದೆ, ಎತ್ತಿ ತಂದು ಅವಳ ಬಾಗಿಲಿಗೆ ಇಟ್ಟುಬಿಟ್ಟ. ಊರೂ ನಂಬಿತು. ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮೂರು ಸೀಗೆದೊಡ್ಡಿ. ಚನ್ನಪಟ್ಟಣದಿಂದ ಸಾತನೂರಿನ ದಾರಿ ಹಿಡಿದು ಒಳಗೆ ತಿರುಗಬೇಕು. ಎರಡು ಸಾವಿರದ ಏಳನೇ ಇಸವಿಯಲ್ಲಿ ಬಿಡದಿ ಕಡೆ ಒಂದರ ಹಿಂದೆ ಒಂದು ಕಾರ್ಖಾನೆ ಏಳುತ್ತಿದ್ದವು. ಕಾರ್ಖಾನೆಗೆ ನೆಲ ಬೇಕು, ನೆಲಕ್ಕೆ ಜಲ್ಲಿ ಬೇಕು, ಜಲ್ಲಿಗೆ ಬಂಡೆ ಬೇಕು. ನಮ್ಮೂರ ಗುಡ್ಡದ ಮೇಲೆ ಬಂಡೆ ಬೇಕಾದಷ್ಟಿತ್ತು. ಕ್ರಷರ್ ಬಂತು. ಅದು ಬೆಳಗ್ಗೆ ಹಲ್ಲು ಕಡಿಯಲು ಶುರುಮಾಡಿದರೆ ಸಂಜೆಯವರೆಗೆ ಬಿಡುತ್ತಿರಲಿಲ್ಲ. ನಾನೂ ಅಂಥದೊಂದು ಕಾರ್ಖಾನೆಯಲ್ಲಿ ನಟ್ಟು ಬಿಗಿಯುವವನೇ. ನಾನು ನಿಲ್ಲುವ ನೆಲದ ಕೆಳಗೂ ನಮ್ಮ ಗುಡ್ಡವೇ ಇದ್ದೀತು.

ಕ್ರಷರಿನ ಬೂದಿಬಣ್ಣದ ದೂಳು ಬಂದು ಕೂರುತ್ತಿದ್ದುದು ಹಿಪ್ಪುನೇರಳೆ ಸೊಪ್ಪಿನ ಮೇಲೆ. ಅದನ್ನು ಹಾಗೇ ಹಾಕಿದರೆ ರೇಷ್ಮೆ ಹುಳ ಒಂದು ಸಲ ಕಚ್ಚಿ ಮುಖ ತಿರುಗಿಸುತ್ತದೆ. ತೊಳೆದು ಹಾಕಿದರೆ, ನೀರು ಪೂರಾ ಆರದೆ ಸಪ್ಪೆ ರೋಗ ಹಿಡಿದು ಜೋತುಬಿದ್ದು ಸಾಯುತ್ತದೆ. ದೊಡ್ಡವ್ವ ಒಂದೊಂದೇ ಎಲೆ ತೊಳೆದು, ಪಂಚೆಯ ಮೇಲೆ ಹರಡಿ, ಬೀಸಣಿಗೆ ಬೀಸಿ ಆರಿಸಿ ಹಾಕಿದಳು. ಆದರೂ ಆ ಸಲದ ಹುಳವೆಲ್ಲ ಹೋಯಿತು.

ಹುಳ ಹೋಗುವುದು ಹೊಸದಲ್ಲ. ಆದರೆ ದೊಡ್ಡವ್ವನ ಹುಳ ಹೋಗುವುದು ಹೊಸದು. ಊರಲ್ಲಿ ಯಾರ ಮನೆಯ ಹುಳ ಹಣ್ಣಾಗಲಿ, ಗೂಡು ಕಟ್ಟುವುದಕ್ಕೆ ಬಿದಿರಿನ ಚಂದ್ರಿಕೆಗೆ ಬಿಡುವಾಗ ಮೊದಲ ಹಿಡಿ ಅವಳ ಕೈಯಿಂದಲೇ ಬೀಳಬೇಕು. ಅದು ನಮ್ಮೂರ ನಡಾವಳಿ. ಕೈ ಅಷ್ಟು ಚೊಕ್ಕಟ ಅಂತ. ಅವಳ ಹುಳದ ಮನೆಗೆ ನಾನು, ಅವಳು ಎತ್ತಿ ಆಡಿಸಿದ ತಂಗಿಯ ಮಗ, ಇದುವರೆಗೂ ಕಾಲಿಟ್ಟಿಲ್ಲ. ಹೊಸ್ತಿಲ ಆಚೆ ನಿಂತು ಮಾತಾಡಬೇಕು, ಅದೂ ತಲೆಗೆ ವಾಸನೆ ಎಣ್ಣೆ ಹಚ್ಚಿರದಿದ್ದರೆ.

ದೊಡ್ಡವ್ವ ಹಟ ಹಿಡಿದು ಕ್ರಷರಿನ ಮೇಲೆ ತಾಲ್ಲೂಕು ಕಚೇರಿಗೆ ದೂರು ಕೊಟ್ಟಳು. ಸಾಹೇಬರೊಬ್ಬರು ಬಿಳಿ ಜೀಪಿನಲ್ಲಿ ನೋಡಲು ಬಂದರು. ಆಗಲೇ ನಡೆದದ್ದು ಅನಾಹುತ. ಸಾಹೇಬರು ಬರುತ್ತಾರೆಂದು ಗೊತ್ತಾದ ಮೇಲೆ ದೊಡ್ಡವ್ವ ಸುಮ್ಮನಿರುತ್ತಾಳೆಯೆ? ಕೋಳಿ ಕೂಗುವ ಮೊದಲೇ ಎದ್ದು ಅಂಗಳ ಸಾರಿಸಿ, ರಂಗೋಲಿ ಬಿಟ್ಟು, ಆಮೇಲೆ ತೋಟಕ್ಕಿಳಿದು ದಾರಿ ಬದಿಯ ಸಾಲುಗಳನ್ನೆಲ್ಲ ಬಿಂದಿಗೆ ಬಿಂದಿಗೆ ನೀರು ಎರಚಿ ತೊಳೆದುಬಿಟ್ಟಿದ್ದಳು!

ನಾನು ತಲೆಗೆ ಕೈಹೊತ್ತು ಕೂತೆ. “ಅಲ್ಲ ದೊಡ್ಡವ್ವ, ದೂಳು ಐತೆ ಅಂತ ತೋರ್ಸಕ್ಕಲ್ವಾ ಅವ್ರನ್ನ ಕರ್ಸಿದ್ದು?”

“ಅದ್ಕೇ ಅಂತ, ಮನೇಗೆ ಬಂದೋರ್ಗೆ ಗಲೀಜು ಸೊಪ್ಪು ತೋರ್ಸ್ಲೇನ್ಲಾ? ಏನ್ ಅನ್ಕಂಡಾರು? ಒಸಿ ಮಾನಮರ್ವಾದೆ ಬ್ಯಾಡ್ವಾ?”

ಸಾಹೇಬರು ತೋಟ ನೋಡಿದರು. ಸೊಪ್ಪು ಫಳಫಳ ಹೊಳೆಯುತ್ತಿತ್ತು. ಕ್ರಷರಿನ ಮ್ಯಾನೇಜರ್ ಲೋಕೇಶ್, ಆವತ್ತು ಬೇಕೆಂದೇ ಕ್ರಷರ್ ನಿಲ್ಲಿಸಿ ಬಂದಿದ್ದವನು, ಕಂಕುಳಿನಿಂದ ಒಂದು ದೊಡ್ಡ ಫೋಟೋ ತೆಗೆದು ಅವರ ಕೈಗೆ ಕೊಟ್ಟ. ಅದರಲ್ಲಿ ದೊಡ್ಡವ್ವನ ಹುಳದ ಮನೆಯಿತ್ತು. ಅದರ ಬಾಗಿಲಿಗೆ ಅಂಟಿಕೊಂಡಂತೆ ತಿಪ್ಪೆ! ಬಾಗಿಲು ತೆಗೆದರೆ ಕಾಲು ನೇರ ಸಗಣಿಗೇ ಹೋಗಬೇಕು, ಹಾಗೆ.

“ನೋಡಿ ಸಾರ್, ಹುಳ ಸಾಯ್ದೆ ಇನ್ನೇನ್ ಆಯ್ತದೆ? ನಮ್ ಕ್ರಷರ್ ಮೇಲೆ ಹಾಕ್ತಾವ್ರೆ,” ಎಂದ.

ಸಾಹೇಬರು ಫೋಟೋ ನೋಡಿದರು, ದೊಡ್ಡವ್ವನ ಮುಖ ನೋಡಿದರು. ನಾಲ್ಕು ಹೆಜ್ಜೆ ನಡೆದು ಹುಳದ ಮನೆಯ ಬಾಗಿಲಿಗೆ ಹೋಗಿ ನೋಡಲಿಲ್ಲ. “ಅಮ್ಮಾ, ಮೊದಲು ನಿಮ್ಮ ಮನೆ ಕ್ಲೀನಾಗಿಟ್ಟುಕೊಳ್ಳಿ. ಆಮೇಲೆ ಬೇರೆಯವರ ಮೇಲೆ ಕಂಪ್ಲೇಂಟ್ ಕೊಡುವಿರಂತೆ,” ಎಂದು ಊರವರೆದುರಿಗೇ ಹೇಳಿ ಜೀಪು ಹತ್ತಿದರು.

ಕ್ಲೀನಾಗಿಟ್ಟುಕೊಳ್ಳಬೇಕಂತೆ. ಯಾರು? ಸರಸಮ್ಮ!

ಅದಾದ ಎಂಟತ್ತು ದಿನಕ್ಕೆ ಪಕ್ಕದ ಮನೆ ಚಿಕ್ಕಲಕ್ಷ್ಮಮ್ಮನ ಹುಳ ಹಣ್ಣಾಯಿತು. ಮೊದಲ ಹಿಡಿ ಬಿಡಲು ಅವಳು ಸಾತನೂರಿನ ಕಡೆಯಿಂದ ಯಾರನ್ನೋ ಕರೆಸಿದಳು. ದೊಡ್ಡವ್ವ ಎಂದಿನಂತೆ ತಲೆಗೆ ನೀರು ಹಾಕಿಕೊಂಡು, ಮಡಿ ಸೀರೆಯುಟ್ಟು ಜಗುಲಿಯಲ್ಲಿ ಕಾದು ಕೂತಿದ್ದವಳು, ಆ ಹೆಂಗಸು ಎದುರಿಗೇ ಹಾದುಹೋದದ್ದನ್ನು ನೋಡಿ ಎದ್ದು ಒಳಗೆ ಹೋದಳು. ಆವತ್ತು ಊಟ ಮಾಡಲಿಲ್ಲ. ಮಾರನೆಯ ದಿನ ನನ್ನನ್ನು ಕರೆದು ಕೇಳಿದಳು:

“ಕುಮಾರ, ಅವ್ನು ಅದ್ಯಾವ್ ಕ್ಯಾಮ್ರಾದಲ್ಲಿ ತೆಗ್ದ್ನಲಾ ಅದ್ನ?”

“ಕ್ಯಾಮ್ರಾ ಯಾವ್ದಾದ್ರೇನು ದೊಡ್ಡವ್ವ, ಅವ್ನ್ ತಾವ ಇಷ್ಟುದ್ದ ಲೆನ್ಸು ಐತೆ. ಗುಡ್ಡದ್ ಮೇಲ್ನಿಂದ್ಲೇ ತೆಗ್ದವ್ನೆ.”

“ನಿನ್ ಕ್ಯಾಮ್ರಾಕ್ಕೆ ಅದ್ಕಿಂತ ಉದ್ದುದ್ದು ಸಿಕ್ತದಾ?”

ನನ್ನ ಕ್ಯಾಮೆರಾ ಕಲಿಯುವವರು ಕೊಳ್ಳುವ ಡಿಜಿಟಲ್ ಕ್ಯಾಮೆರಾ. ಅದರ ಜೊತೆಗೇ ಬಂದ ಗಿಡ್ಡ ಲೆನ್ಸೊಂದು ಬಿಟ್ಟರೆ ಬೇರೆ ಇರಲಿಲ್ಲ. ಅದರಲ್ಲೇ ನಾಮಕರಣ, ಒಸಗೆ ಅಂತ ಕೈ ಪಳಗಿಸುತ್ತಿದ್ದೆ. ಉದ್ದ ಲೆನ್ಸಿನ ಆಸೆ ನನಗೂ ಇತ್ತು. ದೊಡ್ಡವ್ವನೇ ಕೇಳಿದ ಮೇಲೆ ಬಿಡುತ್ತೇನೆಯೆ? ಇಬ್ಬರೂ ಬಸ್ಸು ಹತ್ತಿ ಚನ್ನಪಟ್ಟಣಕ್ಕೆ ಹೋದೆವು.

ಬೊಂಬೆ ಅಂಗಡಿಗಳ ಸಾಲಿನಲ್ಲೇ ಅಸದುಲ್ಲಾನ ಸ್ಟುಡಿಯೋ. ಮದುವೆ ಫೋಟೋ ತೆಗೆಯುವವನು. ಹಳೆಯ ಲೆನ್ಸುಗಳನ್ನು ಕೊಂಡು ಮಾರುವವನು ಕೂಡ. ದೊಡ್ಡವ್ವ ಒಳಗೆ ಹೋದವಳೇ ಕೂರುವ ಮೊದಲೇ, “ಸಾಬ್ರೇ, ಉದ್ದುದ್ದು ಕೊಡಿ,” ಎಂದಳು.

ಅಸದುಲ್ಲಾ ನಕ್ಕ. “ಕೊಡ್ತೀನಮ್ಮಾ. ಎಷ್ಟುದ್ದ?”

“ಕ್ರಷರ್‌ನೋನ್ ತಾವ ಇರೋದ್ಕಿಂತ ಒಂದ್ ಗೇಣು ಉದ್ದ.”

ಅವನು ಗಾಜಿನ ಬೀರುವಿನಿಂದ ಒಂದನ್ನು ತೆಗೆದ. ಒಳ್ಳೇ ಒನಕೆಯ ತುಂಡಿನಂತಿತ್ತು. ನನ್ನ ಕ್ಯಾಮೆರಾದ ಬಾಯಿಗೆ ಅದು ಕೂರುತ್ತದೆಯೋ ನೋಡಿ, ತಿರುಚಿ ಕೂರಿಸಿ, ಗುಣ ಹೇಳತೊಡಗಿದ. “ಇದರ ಕಮಾಲ್ ನೋಡಿ ಅಮ್ಮಾ. ಮದುವೇಲಿ ಹುಡುಗ ಒಂದ್ ಕಡೆ, ಹುಡುಗಿ ಒಂದ್ ಕಡೆ ಮುಖ ಊದಿಸ್ಕೊಂಡು ಕುಂತಿರ್ತಾರೆ. ದೂರ ನಿಂತು ಇದರಲ್ಲಿ ಎಳೆದ್ರೆ ಇಬ್ಬರೂ ಭುಜಕ್ಕೆ ಭುಜ ಕೊಟ್ಟಂಗೆ ಬರ್ತಾರೆ. ಮನೆಯೋರು ಖುಷ್!”

ನಂಬಿಕೆ ಬರಲೆಂದು ಪಕ್ಕದ ಅಂಗಡಿಯಿಂದ ಎರಡು ಅರಗಿನ ಬೊಂಬೆ ತಂದ. ಒಂದನ್ನು ಜಗುಲಿಯ ಈ ತುದಿಯಲ್ಲಿ, ಇನ್ನೊಂದನ್ನು ಆ ತುದಿಯಲ್ಲಿ ನಿಲ್ಲಿಸಿದ. ನಮ್ಮನ್ನು ರಸ್ತೆ ದಾಟಿಸಿ ದೂರ ಕರೆದುಕೊಂಡು ಹೋಗಿ, ಒಂದರ ನೇರಕ್ಕೆ ಇನ್ನೊಂದು ಬರುವಂತೆ ಕ್ಯಾಮೆರಾ ಹಿಡಿದು, ದೊಡ್ಡವ್ವನ ಕಣ್ಣಿಗೆ ಒಡ್ಡಿದ. ಅವಳು ಒಂದು ಕಣ್ಣು ಮುಚ್ಚಿ ನೋಡಿದಳು. ಕ್ಯಾಮೆರಾ ಇಳಿಸಿ ಬರಿಗಣ್ಣಲ್ಲಿ ನೋಡಿದಳು. ಮತ್ತೆ ಕ್ಯಾಮೆರಾದಲ್ಲಿ ನೋಡಿದಳು.

“ಒಂದರ ತಲೆ ಮೇಲೊಂದು ಕುಂತಂಗೆ ಕಾಣ್ತಾವೆ.”

“ಹಾಂ! ಅದೇ ಇದರ ಕಮಾಲ್!”

“ಮಧ್ಯದಲ್ಲಿರೋ ಜಗ್ಲಿ ಎಲ್ಲೋಯ್ತು?”

“ನುಂಗ್ಬಿಡ್ತದೆ ಅಮ್ಮಾ. ದೂರ ನಿಂತಷ್ಟೂ ನುಂಗ್ತದೆ.”

ದೊಡ್ಡವ್ವನ ಮುಖ ಹಣ್ಣು ಮೆಣಸಿನಕಾಯಿಯ ಹಾಗೆ ಕೆಂಪಾಯಿತು. “ಅಂಗಾದ್ರೆ ಆ ಮನೆಹಾಳ ನನ್ ಹುಣಸೆಮರ ನುಂಗ್ದ. ನನ್ ತ್ವಾಟ ನುಂಗ್ದ. ಎಲ್ಲಾ ನುಂಗಿ ತಿಪ್ಪೆ ತಂದು ನನ್ ಬಾಗ್ಲಿಗೆ ಕಕ್ದ!” ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. ಬೊಂಬೆ ಅಂಗಡಿಯವನು ತನ್ನ ಎರಡು ಬೊಂಬೆಗಳನ್ನು ಮೆಲ್ಲಗೆ ಎತ್ತಿಕೊಂಡು ಒಳಗೆ ಹೋದ.

ನನಗೆ ಬೇರೆಯೇ ಲೆಕ್ಕಾಚಾರ ಹೊಳೆಯಿತು. “ಬುಡು ದೊಡ್ಡವ್ವ, ಒಳ್ಳೇದೇ ಆಯ್ತು. ಇದ್ನ ತಗಳಾಣ. ನಾನೂ ಈ ಕಡೆಯಿಂದ ದೂರ ನಿಂತು ತೆಗೀತೀನಿ. ಕ್ರಷರ್ ನಿನ್ ತ್ವಾಟದ್ ಮೇಲೇ ಕುಂತು ಸೊಪ್ಪು ಅರೀತಾ ಇರೋ ಅಂಗೆ ಬರ್ಬೇಕು, ಅಂಗೆ ತೆಗೀತೀನಿ. ಸಾಹೇಬ ಅದೆಂಗ್ ಇಲ್ಲ ಅಂತಾನೋ ನೋಡಾಣ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅವ್ನು ತಿಪ್ಪೆ ಹೊತ್ತ. ನೀನು ಕ್ರಷರ್ ಹೊರ್ತೀಯಾ? ಭೇಷ್ ಕಣ್ಲಾ. ಇಬ್ರೂ ಸೇರಿ ಕೂಲಿ ಮಾಡ್ಕಳಿ, ಹೋಗಿ. ದೂಳು ನನ್ ಸೊಪ್ಪಿನ್ ಮೇಲೆ ದಿಟ್ವಾಗ್ಲೂ ಬಿದ್ದೈತೆ. ಇರೋದ್ನ ತೋರ್ಸಕ್ಕೆ ನಾನ್ಯಾಕ್ಲಾ ಕಳ್ಳಾಟ ಆಡ್ಲಿ? ಸಾಬ್ರೇ, ಇದ್ನ ಎತ್ತಿಕ್ಕಿ.”

ಅಸದುಲ್ಲಾನಿಗೆ ವ್ಯಾಪಾರ ಕೈಬಿಡುವ ಹೆದರಿಕೆ. ಅಗಲಕ್ಕೆ ತೋರಿಸುವ ಇನ್ನೊಂದು ಲೆನ್ಸು ತೆಗೆದ. “ಹಾಗಿದ್ರೆ ಇದು ನೋಡಿ. ಪೂರಾ ತೋಟ, ಪೂರಾ ಮನೆ, ಎಲ್ಲಾ ಒಂದೇ ಫೋಟೋದಲ್ಲಿ. ತಿಪ್ಪೆ ಇನ್ನೂ ದೂರ ಹೋದಂಗೆ ಕಾಣ್ತದೆ.”

“ಇರೋದ್ಕಿಂತ ದೂರವಾ?”

“ಒಸಿ ದೂರ. ನಿಮಗೇ ಫಾಯಿದೆ ಅಲ್ವಾ ಅಮ್ಮಾ?”

“ಅದೂ ಬ್ಯಾಡ.”

ಅಸದುಲ್ಲಾ ಕೈಚೆಲ್ಲಿ ನನ್ನತ್ತ ತಿರುಗಿದ. “ಏನ್ ಜಯಕುಮಾರ್, ನಿಮ್ಮ ದೊಡ್ಡಮ್ಮ ಲೆನ್ಸ್ ತಗೊಳ್ಳೋಕೆ ಬಂದಿದ್ದಾರೋ, ಲೆನ್ಸ್ ಮೇಲೆ ಕೇಸ್ ಹಾಕೋಕೆ ಬಂದಿದ್ದಾರೋ?”

ನಾನು ಯೋಚಿಸಿ ಕೇಳಿದೆ: “ಎಲೆ ಮೇಲಿನ ದೂಳು ಕಾಣಬೇಕು. ಹತ್ತಿರದಿಂದ ತೆಗೆಯುವಂಥದ್ದು ಇದೆಯಾ?” ಅವನು ಬೀರುವಿನ ತಳದಿಂದ ಒಂದು ಹಳೆಯ, ಅಂಚು ಸವೆದ ಮ್ಯಾಕ್ರೋ ಲೆನ್ಸ್ ತೆಗೆದ. ಅದರ ಒಂದು ಊನವನ್ನು ಮುಚ್ಚಿಡದೆ ಹೇಳಿದ: “ನಿಮ್ಮದು ಕಲಿಯೋರ ಕ್ಯಾಮೆರಾ, ಒಳಗೆ ಮೋಟರ್ ಇಲ್ಲ. ಇದು ತಾನಾಗಿ ಫೋಕಸ್ ಆಗಲ್ಲ, ಕೈಯಲ್ಲೇ ತಿರುಗಿಸ್ಬೇಕು.”

“ಕೈ ಐತಲ್ಲ,” ಎಂದಳು ದೊಡ್ಡವ್ವ. ಮತ್ತೆ ಅನುಮಾನ ಬಂತು. “ಇದೂ ಚಿಕ್ದನ್ನ ದೊಡ್ದು ಮಾಡ್ತದಲ್ವಾ ಸಾಬ್ರೇ?”

“ಮಾಡ್ತದೆ. ಆದ್ರೆ ಇಲ್ಲದೇ ಇರೋದನ್ನ ತರಲ್ಲ ಅಮ್ಮಾ. ಅಲ್ಲಾ ಸಾಕ್ಷಿ.”

ಅದನ್ನೇ ಕೊಂಡೆವು.

ಲೆನ್ಸೇನೋ ಬಂತು. ದೊಡ್ಡವ್ವ ಒಪ್ಪಬೇಕಲ್ಲ! ದೊಡ್ಡವ್ವ ಇನ್ನೊಂದು ದೂರು ಬರೆಸಿದ್ದಕ್ಕೆ ಸಾಹೇಬರು ಮತ್ತೆ ಬರುತ್ತಾರೆ ಅಂತ ಪಂಚಾಯ್ತಿಯಿಂದ ಸುದ್ದಿ ಬಂದಿತ್ತು. ಆವರೆಗೂ ದಾರಿ ಬದಿಯ ಒಂದು ಸಾಲನ್ನು ತೊಳೆಯಬೇಡ ಎಂದು ನಾನು ಕಾಲು ಹಿಡಿಯುವುದೊಂದು ಬಾಕಿ. ದಿನಾ ಬೆಳಗ್ಗೆ ಬಿಂದಿಗೆ ಎತ್ತಿಕೊಂಡು ಹೊರಡುವಳು, ನನ್ನ ಮುಖ ನೋಡಿ ಕೆಳಗಿಡುವಳು.

“ಹೋಗೋರ್ ಬರೋರ್ ನೋಡ್ತಾರೆ ಕಣ್ಲಾ. ಸರಸಿ ತ್ವಾಟ ನೋಡು, ಬೂದಿಗುಂಡಿ ಆಗೈತೆ ಅಂತಾರೆ.”

“ಅನ್ಲಿ ದೊಡ್ಡವ್ವ.”

“ಅನ್ಸ್ಕಳೋಳು ನಾನು. ನೀನ್ ಅಲ್ಲ.”

ಕೊನೆಗೆ ಆ ಸಾಲಿನ ಒಂದು ಎಲೆಯನ್ನು ತೊಳೆಯದೆ ಒಳಗೆ ಒಯ್ದು, ಹೊಸದಾಗಿ ಸಾಕಲು ತಂದಿದ್ದ ಹುಳಕ್ಕೆ ಹಾಕಿ, ಸ್ವಲ್ಪ ಹೊತ್ತಿನ ಮೇಲೆ ತಾನೇ ಹೊರಗೆ ತಂದು ಹೊಸ್ತಿಲ ಮೇಲಿಟ್ಟಳು. ನಾನು ಅಂಗಳದಲ್ಲಿ ಹೊಟ್ಟೆಯ ಮೇಲೆ ಮಲಗಿ ಲೆನ್ಸು ತಿರುಗಿಸಿದೆ. ಮಂಜು ಮಂಜಾಗಿದ್ದುದು ಒಮ್ಮೆಲೇ ಚುರುಕಾಯಿತು. ಹುರಿಹಿಟ್ಟು ಚೆಲ್ಲಿದ ಹಾಗೆ ಎಲೆಯ ತುಂಬ ಪುಡಿ. ಅದರೊಳಗೆ ಮೂಲೆ ಮೂಲೆಯಾಗಿ ಮಿನುಗುವ ಕಲ್ಲಿನ ಚೂರು. ಅಂಚಿನಲ್ಲಿ ಹುಳ ಒಂದೇ ಒಂದು ಸಲ ಬಾಯಿ ಹಾಕಿ ಬಿಟ್ಟುಹೋದ, ಉಗುರಿನಷ್ಟಗಲದ ಗುರುತು. ನಾನು ಒತ್ತುವ ಮೊದಲು ದೊಡ್ಡವ್ವನ ಸೆರಗು ಎಲೆಯ ಮೇಲೆ ಬಂತು.

“ಒರ್ಸ್‌ಬೇಡಾ!” ಎಂದು ಕಿರುಚಿದೆ.

“ಅಭ್ಯಾಸ ಕಣ್ಲಾ,” ಎಂದು ಕೈ ಎಳೆದುಕೊಂಡಳು. ಫೋಟೋ ತೆಗೆದಾದ ಮೇಲೆ ಕ್ಯಾಮೆರಾದ ಹಿಂದೆ ಮೂಡಿದ ಚಿತ್ರ ನೋಡಿ ಅವಳ ಕಣ್ಣಲ್ಲಿ ನೀರು ಬಂತು. “ಥೂ, ನನ್ ಮನೆ ಎಲೆಯಾ ಇದು? ಇದ್ನ ನನ್ ಹೆಸ್ರೇಳಿ ಊರ್ ಮುಂದೆ ತೋರ್ಸ್ತೀಯಾ?”

ಸಾಹೇಬರು ಬಂದದ್ದು ಹಾಲಿನ ಡೈರಿಯ ಮುಂದಕ್ಕೆ. ಪ್ಲಾಸ್ಟಿಕ್ ಕುರ್ಚಿ ಹಾಕಿ ಎಳನೀರು ಕೊಟ್ಟರು. ಲೋಕೇಶ್ ಅದೇ ತಿಪ್ಪೆ ಫೋಟೋ ಹಿಡಿದು ಪಕ್ಕದಲ್ಲೇ ನಿಂತಿದ್ದ. ಹಾಲು ಹಾಕಲು ಬಂದ ಹೆಂಗಸರು ಕ್ಯಾನು ಕಂಕುಳಲ್ಲಿಟ್ಟುಕೊಂಡು ಸುತ್ತ ನೆರೆದರು. ಚಿಕ್ಕಲಕ್ಷ್ಮಮ್ಮನೂ ಇದ್ದಳು, ದೊಡ್ಡವ್ವನ ಕಡೆ ನೋಡದೆ.

“ಸ್ವಾಮಿ, ಒಂದ್ ಗಳ್ಗೆ ಬನ್ನಿ. ನನ್ ಹುಳದ್ ಮನೆಯಿಂದ ತಿಪ್ಪೆ ತಂಕ ನಡ್ಕಂಡ್ ಹೋಗಿ ಬರಾಣ,” ಎಂದಳು ದೊಡ್ಡವ್ವ.

“ಈ ಬಿಸಿಲಲ್ಲಾ? ಫೋಟೋ ಇದೆಯಲ್ಲಮ್ಮಾ.”

ನಾನು ಎಲೆಯ ಫೋಟೋ ಕೊಟ್ಟೆ. ಅಸದುಲ್ಲಾ ತಟ್ಟೆಯಗಲಕ್ಕೆ ಪ್ರಿಂಟು ಹಾಕಿಕೊಟ್ಟಿದ್ದ. ಸಾಹೇಬರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದು ಏನೋ ಲೆನ್ಸ್ ಹಾಕಿ ದೊಡ್ಡದು ಮಾಡಿರೋದು. ಹೀಗೆ ತೆಗೆದರೆ ಸಾಸಿವೆಯೂ ಬಂಡೆ ಥರ ಕಾಣುತ್ತೆ. ಇದನ್ನೆಲ್ಲ ಸಾಕ್ಷಿ ಅಂತ ತಗೋಳೋಕಾಗಲ್ಲ,” ಎಂದರು.

ನನಗೆ ರಕ್ತ ಕುದಿಯಿತು. ಆ ತಿಪ್ಪೆ ಲೆನ್ಸಿಲ್ಲದೆ ನಡೆದು ಬಂದಿತ್ತೇ? ಕ್ರಷರಿನವನು ಗುಡ್ಡದ ಮೇಲೆ ನಿಂತು ತೆಗೆದದ್ದು ಸಾಕ್ಷಿ, ನಾವು ನೆಲಕ್ಕೆ ಎದೆಯಿಟ್ಟು ತೆಗೆದದ್ದು ಕಣ್ಕಟ್ಟು! ಏನೋ ಬಯ್ಯಲು ಬಾಯಿ ತೆರೆದೆ. ದೊಡ್ಡವ್ವ ನನ್ನನ್ನು ಹಿಂದಕ್ಕೆ ತಳ್ಳಿ ಸಾಹೇಬರ ಕೈಯಿಂದ ಫೋಟೋ ಕಿತ್ತುಕೊಂಡಳು. ಅವರಿಗೆ ತೋರಿಸಲಿಲ್ಲ. ಹೆಂಗಸರ ಕಡೆ ತಿರುಗಿ ಎತ್ತಿ ಹಿಡಿದಳು.

“ನೋಡ್ರವ್ವಾ. ಇದು ನನ್ ತ್ವಾಟದ್ ಎಲೆ. ಗಲೀಜು ಎಲೆ. ನಾನು ದಿನಾ ತೊಳೀತಿದ್ದೆ, ಯಾರ್ಗೂ ಕಾಣ್ದಂಗೆ. ಇವ್ರು ನೋಡಕ್ ಬಂದ್ ದಿನಾನೂ ತೊಳ್ದೆ. ನನ್ ಮಾನ ಉಳ್ಸ್ಕಳಕ್ಕೆ ಹೋಗಿ ನಾನೇ ಅವ್ನ್ ದೂಳ್ನ ಮುಚ್ಬುಟ್ಟೆ. ಇವತ್ತು ಒರ್ಸಲ್ಲ. ಏನ್ ಬೇಕಾದ್ರೂ ಅನ್ಕಳಿ.”

ಫೋಟೋ ಕೈಯಿಂದ ಕೈಗೆ ಹೋಯಿತು. ಚಿಕ್ಕಲಕ್ಷ್ಮಮ್ಮನ ಕೈಗೆ ಬಂದಾಗ ನಿಂತಿತು. ಅವಳು ಆ ಉಗುರಿನಷ್ಟಗಲದ ಗುರುತಿನ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಹಾಲಿನ ಕ್ಯಾನು ಕುಕ್ಕಿ ಕೆಳಗಿಟ್ಟಳು.

“ನಮ್ ಹುಳಾನೂ ಇಂಗೇ ಕಚ್ಚಿ ಬುಡ್ತಾವೆ,” ಎಂದಳು. “ನಾನೂ ಕದ್ದು ತೊಳಿತಿವ್ನಿ. ಯಾರಾದ್ರೂ ಗಲೀಜು ಅಂದಾರು ಅಂತ.”

“ನಾನೂವೆ,” ಎಂದಿತು ಹಿಂದಿನಿಂದ ಒಂದು ದನಿ. “ನಾನು ಒಳಗೆ ಬಾಗ್ಲಾಕ್ಕಂಡು ತೊಳಿತೀನಿ.” “ನಮ್ಮತ್ತೆ ಯಾರ್ಗೂ ಹೇಳ್ಬ್ಯಾಡ ಅಂದವ್ರೆ.” ಊರಿನ ಅಷ್ಟೂ ಹೆಂಗಸರು ಒಬ್ಬರಿಗೊಬ್ಬರು ಹೆದರಿ, ಒಬ್ಬರಿಗೊಬ್ಬರು ಮರೆಮಾಚಿ, ಕ್ರಷರಿನವನ ದೂಳನ್ನು ತಮ್ಮ ಕೈಯಾರೆ ತೊಳೆದು ತೊಳೆದು ಅವನನ್ನು ಕಾಪಾಡುತ್ತಿದ್ದರು!

ಲೋಕೇಶ್ ನಗಲು ನೋಡಿದ. “ಏ, ಎಲ್ರೂ ಸೇರ್ಕಂಡು ನಾಟ್ಕ ಆಡ್ತಾವ್ರೆ ಸಾರ್...”

“ಮುಚ್ಚಲೋ ಬಾಯ,” ಎಂದಳು ಚಿಕ್ಕಲಕ್ಷ್ಮಮ್ಮ. “ತಿಪ್ಪೆ ಹೊರೋ ನನ್ಮಗ್ನೆ. ಸರಸಕ್ಕನ್ ತಿಪ್ಪೆ ಎಲ್ಲೈತೆ ಅಂತ ನನ್ಗೆ ಗೊತ್ತಿಲ್ವಾ? ಅದ್ರ್ ಪಕ್ಕದಲ್ಲೇ ನನ್ ತಿಪ್ಪೆನೂ ಐತೆ.”

ದೊಡ್ಡವ್ವ ಸುಮ್ಮನಿರಲಿಲ್ಲ. “ಗೊತ್ತಿದ್ದೂ ಆವತ್ತು ಬಾಯಿ ಬುಡ್ಲಿಲ್ವಲ್ಲಮ್ಮಿ.”

ಚಿಕ್ಕಲಕ್ಷ್ಮಮ್ಮ ತಲೆ ತಗ್ಗಿಸಿದಳು. “ಬುಡ್ಲಿಲ್ಲ ಕಣಕ್ಕ. ನನ್ ಸೊಪ್ಪೂ ನೋಡ್ಬುಡ್ತಾರೆ ಅಂತ ಹೆದ್ರಿದ್ದೆ.”

ಸಾಹೇಬರು ಎದ್ದು ಕರವಸ್ತ್ರದಲ್ಲಿ ಮುಖ ಒರೆಸಿಕೊಂಡರು. “ಆಯ್ತು, ಆಯ್ತು. ಮುಂದಿನ ವಾರ ಇನ್ನೊಂದ್ಸಲ ಬಂದು ತೋಟಗಳನ್ನು ನೋಡೋಣ,” ಎಂದರು. ಬರುತ್ತಾರೋ ಇಲ್ಲವೋ, ಬಂದರೂ ಆವತ್ತು ಕ್ರಷರ್ ಓಡುತ್ತದೋ ಇಲ್ಲವೋ ಯಾರಿಗೆ ಗೊತ್ತು. ಜೀಪು ಹೋಯಿತು. ಮಧ್ಯಾಹ್ನ ಕ್ರಷರ್ ಮತ್ತೆ ಹಲ್ಲು ಕಡಿಯಿತು.

ಸಂಜೆ ಚಿಕ್ಕಲಕ್ಷ್ಮಮ್ಮ ನಮ್ಮ ಜಗುಲಿಗೆ ಬಂದು ನಿಂತಳು. “ಅಕ್ಕ, ಈ ಸಲ ಬೇರೆ ಊರಿನ್ ಸೊಪ್ಪು ತಂದಾಕಿ ಒಂದೀಟು ಹುಳ ಉಳ್ಸ್ಕಂಡಿವ್ನಿ. ನಾಳಿಕೆ ಹಣ್ಣಾಯ್ತವೆ. ಮೊದಲ್ನೆ ಹಿಡಿ ನೀನೇ ಬುಡ್ಬೇಕು.”

“ಯಾಕೆ, ಆ ಸಾತನೂರ್ ಕಡೆಯೋಳ ಕೈ ಬಿದ್ದೋಯ್ತಾ?”

“ಬಯ್ಯಿ ಅಕ್ಕ. ಬಯ್ದು ಬಾ.”

ದೊಡ್ಡವ್ವ ಬಹಳ ಹೊತ್ತು ಬಯ್ದಳು. ಬಯ್ಯುತ್ತ ಬಯ್ಯುತ್ತಲೇ ಎದ್ದು ಒಳಗೆ ಹೋಗಿ, ಮಾರನೆಯ ದಿನಕ್ಕೆಂದು ಮಡಿ ಸೀರೆಯನ್ನು ಗಳುವಿನ ಮೇಲೆ ಹರವಿ ಬಂದಳು. ಚಿಕ್ಕಲಕ್ಷ್ಮಮ್ಮ ಹೊರಟ ಮೇಲೆ ಹಿಂದೆಯೇ ಕೂಗಿ ಹೇಳಿದಳು: “ಲಕ್ಷ್ಮೀ, ದಾರಿ ಮಗ್ಗುಲ್ ಸಾಲ್ನ ಯಾರೂ ತೊಳೀಬಾರ್ದು, ಎಲ್ರಿಗೂ ಹೇಳು. ಅವ್ರು ಬರೋ ತಂಕ ಅಂಗೇ ಇರ್ಲಿ. ಊರೆಲ್ಲಾ ಬೂದಿಯಾಗ್ಲಿ, ನೋಡ್ಲಿ.”

ಮಾರನೆಯ ಬೆಳಗ್ಗೆ ಊರ ದಾರಿಯುದ್ದಕ್ಕೂ ಹಿಪ್ಪುನೇರಳೆ ಬೂದಿಬಣ್ಣಕ್ಕೆ ತಿರುಗಿ ನಿಂತಿತ್ತು. ಒಬ್ಬರದೂ ಹಸಿರಿಲ್ಲ. ಹುಳ ಬಿಡಲು ಚಿಕ್ಕಲಕ್ಷ್ಮಮ್ಮನ ಮನೆಗೆ ಹೊರಟ ದೊಡ್ಡವ್ವ ತನ್ನ ತೋಟದ ಸಾಲು ಬಂದಾಗ ಸೆರಗನ್ನು ಕಣ್ಣಿಗೆ ಅಡ್ಡ ಹಿಡಿದುಕೊಂಡು ನಡೆದಳು.

“ಬಿರ್ರನೆ ನಡೀಲಾ ಕುಮಾರ,” ಎಂದಳು. “ನೋಡಿದ್ರೆ ಕೈ ಕಡೀತದೆ. ಒರ್ಸ್‌ಬುಡ್ತೀನಿ.”